ಸ್ಟ್ರೀಮರ್ ಕೊಳ್ಳುವ ಮುನ್ನ: ಮನೆಯ ಆಡಿಯೋ ವ್ಯವಸ್ಥೆಯ ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಬಗೆ

ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್ ಇದೆ, ಜೋಡಿ ಸ್ಪೀಕರ್‌ಗಳಿವೆ, ಮೊಬೈಲಿನಿಂದ ಬ್ಲೂಟೂತ್ ಮೂಲಕವೋ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಮೂಲಕವೋ ಸಂಗೀತ ಬರುತ್ತಿದೆ. ಆದರೂ ಕೇಳಿದಾಗ ತೃಪ್ತಿಯಾಗುವುದಿಲ್ಲ. ಇಂಥವರಿಗೆ ಈಗ ಹೆಚ್ಚಾಗಿ ಸಿಗುವ ಸಲಹೆ, ಪ್ರತ್ಯೇಕ ಮ್ಯೂಸಿಕ್ ಸ್ಟ್ರೀಮರ್ ಒಂದನ್ನು ತಂದು ಜೋಡಿಸಿ ಎಂಬುದು. ಈ ಸಲಹೆ ಕೆಲವು ಮನೆಗಳಲ್ಲಿ ನಿಜವಾಗಿಯೂ ಫಲಿಸುತ್ತದೆ, ಇನ್ನು ಕೆಲವು ಮನೆಗಳಲ್ಲಿ ಹಣ ಖರ್ಚಾದದ್ದೊಂದನ್ನು ಬಿಟ್ಟರೆ ಬೇರೇನೂ ಬದಲಾಗುವುದಿಲ್ಲ. ಫಲಿಸುವುದೂ ಫಲಿಸದಿರುವುದೂ ಮೊದಲಿನಿಂದ ಇದ್ದ ದೋಷ ವ್ಯವಸ್ಥೆಯ ಯಾವ ಘಟ್ಟದಲ್ಲಿತ್ತು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಮೊದಲು ದೋಷವನ್ನು ಗುರುತಿಸಿ, ಅದು ಸ್ಟ್ರೀಮರ್‌ನಿಂದ ಹೋಗುವಂಥದ್ದೇ ಎಂದು ಖಚಿತಪಡಿಸಿಕೊಂಡು, ಆಮೇಲೆ ಕೊಳ್ಳುವ ಮಾತಿಗೆ ಬರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸ್ಟ್ರೀಮರ್‌ನ ಕೆಲಸದ ಮಿತಿ

ಸ್ಟ್ರೀಮರ್ ಎಂದರೆ ಮನೆಯ ನೆಟ್‌ವರ್ಕ್‌ಗೆ ಸೇರಿಕೊಂಡು, ಸಂಗೀತ ಸೇವೆಯ ಸರ್ವರ್‌ನಿಂದಲೋ ಮನೆಯಲ್ಲೇ ಇರುವ ಹಾರ್ಡ್‌ಡಿಸ್ಕ್‌ನಿಂದಲೋ ಫೈಲನ್ನು ತಾನೇ ತರಿಸಿಕೊಂಡು ನುಡಿಸುವ ಒಂದು ಚಿಕ್ಕ ಕಂಪ್ಯೂಟರ್. ಅದರೊಳಗೆ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿ ಬದಲಿಸುವ ಭಾಗ) ಇದ್ದರೆ ಅನಲಾಗ್ ಸಂಕೇತವನ್ನು ಕೆಂಪು–ಬಿಳಿ ಪಿನ್ನಿನ ಆರ್‌ಸಿಎ ಕೇಬಲ್ ಮೂಲಕ ನೇರವಾಗಿ ಆಂಪ್ಲಿಫೈಯರ್‌ಗೆ ಕೊಡುತ್ತದೆ. ಇಲ್ಲದಿದ್ದರೆ ಆಪ್ಟಿಕಲ್, ಕೋಆಕ್ಸಿಯಲ್ ಅಥವಾ ಯುಎಸ್‌ಬಿ ಮೂಲಕ ಹೊರಗಿನ ಡ್ಯಾಕ್‌ಗೆ ಡಿಜಿಟಲ್ ಸಂಕೇತವನ್ನು ದಾಟಿಸುತ್ತದೆ. ಮೊಬೈಲ್ ಇಲ್ಲಿ ಬರಿಯ ರಿಮೋಟ್ ಆಗಿರುತ್ತದೆ.

ನಿಮ್ಮ ಈಗಿನ ವ್ಯವಸ್ಥೆಯಲ್ಲಿ ಸಂಗೀತ ಯಾವ ದಾರಿಯಲ್ಲಿ ಬರುತ್ತಿದೆ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹಾಡು ನುಡಿಯುತ್ತಿರುವಾಗಲೇ ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮತ್ತು ವೈಫೈ ಎರಡೂ ಆಫ್ ಆಗಿವೆ ಎಂದು ನೋಡಿಕೊಳ್ಳಿ. ಹಾಡು ಮುಂದುವರಿದರೆ ಆ ಕಡೆಯ ಉಪಕರಣ ತಾನೇ ಸಂಗೀತವನ್ನು ತರಿಸಿಕೊಳ್ಳುತ್ತಿದೆ. ಸ್ಪಾಟಿಫೈ ಕನೆಕ್ಟ್ ಮತ್ತು ಕ್ರೋಮ್‌ಕಾಸ್ಟ್ ಕೆಲಸ ಮಾಡುವುದು ಹೀಗೆ. ಹಾಡು ನಿಂತರೆ ಧ್ವನಿ ಮೊಬೈಲಿನ ಮೂಲಕವೇ ಹಾದು ಬರುತ್ತಿದೆ ಎಂದರ್ಥ. ಎಷ್ಟೋ ಜನರ ಟಿವಿ, ಸೌಂಡ್‌ಬಾರ್ ಅಥವಾ ಹೊಸ ಮಾದರಿಯ ಆಂಪ್ಲಿಫೈಯರ್‌ನಲ್ಲಿ ಸ್ಟ್ರೀಮರ್‌ನ ಕೆಲಸ ಮಾಡಬಲ್ಲ ಭಾಗ ಈಗಾಗಲೇ ಇರುತ್ತದೆ, ಅದು ಅವರ ಗಮನಕ್ಕೆ ಬಂದಿರುವುದಿಲ್ಲ.

ಒಂದೇ ಫೈಲಿನ ಬಿಟ್‌ಗಳು, ಅಂದರೆ ಡಿಜಿಟಲ್ ದತ್ತಾಂಶದ ಸೊನ್ನೆ–ಒಂದುಗಳು, ಬದಲಾಗದೆ ಒಂದೇ ಡ್ಯಾಕ್ ತಲುಪಿದರೆ, ಅವುಗಳನ್ನು ಕಳುಹಿಸಿದ್ದು ದುಬಾರಿ ಸ್ಟ್ರೀಮರೋ ಹಳೆಯ ಲ್ಯಾಪ್‌ಟಾಪೋ ಎಂಬುದರಿಂದ ಧ್ವನಿಯ ಗುಣ ಬದಲಾಗಬೇಕಾದ ಕಾರಣವಿಲ್ಲ. ಈ ಮಾತಿಗೆ ಎದುರಾಗಿ ಸಾಮಾನ್ಯವಾಗಿ ಜಿಟರ್‌ನ ಹೆಸರು ಕೇಳಿಬರುತ್ತದೆ, ಅಂದರೆ ಡಿಜಿಟಲ್ ಸಂಕೇತದ ಕಾಲಮಾನದಲ್ಲಿ ಆಗುವ ಅತಿ ಸೂಕ್ಷ್ಮ ಏರಿಳಿತ. ಈಗಿನ ಬಹುಪಾಲು ಯುಎಸ್‌ಬಿ ಡ್ಯಾಕ್‌ಗಳು ಅಸಿಂಕ್ರೊನಸ್ ಕ್ರಮದಲ್ಲಿ ಕೆಲಸ ಮಾಡುತ್ತವೆ. ಕಾಲಮಾನವನ್ನು ನಿರ್ಧರಿಸುವುದು ಡ್ಯಾಕ್‌ನ ಒಳಗಿನ ಗಡಿಯಾರವೇ ಆಗಿದ್ದು, ಕಂಪ್ಯೂಟರ್ ಅದು ಕೇಳಿದಾಗ ದತ್ತಾಂಶ ಒದಗಿಸುತ್ತದೆ, ಅಷ್ಟೆ. ಹಾಗಾಗಿ ಸುಸ್ಥಿತಿಯಲ್ಲಿರುವ ವ್ಯವಸ್ಥೆಯಲ್ಲಿ ಜಿಟರ್ ಕುರಿತು ಚಿಂತಿಸುವ ಅಗತ್ಯವಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಬಿಟ್‌ಗಳು ದಾರಿಯಲ್ಲಿ ಬದಲಾಗುವ, ಇಲ್ಲವೇ ಬಿಟ್‌ಗಳ ಜೊತೆಗೆ ವಿದ್ಯುತ್ ಗದ್ದಲವೂ ಹರಿದುಬರುವ ಸಂದರ್ಭಗಳು ನಿಜವಾಗಿಯೂ ಇವೆ. ಸ್ಟ್ರೀಮರ್ ಉಪಯೋಗಕ್ಕೆ ಬರುವುದು ಅಂಥಲ್ಲಿ.

ಮೊದಲ ಪರೀಕ್ಷೆ: ಮೂಲವನ್ನು ಬದಲಿಸುವುದು

ಯಾವ ದೂರೇ ಇರಲಿ, ಮೊದಲು ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್, ಅದೇ ಜಾಗ ಇಟ್ಟುಕೊಂಡು ಸಂಗೀತದ ಮೂಲವನ್ನು ಮಾತ್ರ ಬದಲಿಸಬೇಕು. ಹಳೆಯ ಸಿಡಿ ಅಥವಾ ಡಿವಿಡಿ ಪ್ಲೇಯರ್ ಇದ್ದರೆ ಅದನ್ನು ಹೊರತೆಗೆದು ಜೋಡಿಸಿ. ಅದಿಲ್ಲದಿದ್ದರೆ, ಆಂಪ್ಲಿಫೈಯರ್‌ಗೇ ಪೆನ್‌ಡ್ರೈವ್ ಹಾಕುವ ಅನುಕೂಲವಿದ್ದಲ್ಲಿ ಸಿಡಿಯಿಂದ ತೆಗೆದ, ಧ್ವನಿಯ ಯಾವ ಅಂಶವೂ ಕಳೆದಿರದ ಫ್ಲ್ಯಾಕ್ ಅಥವಾ ವೇವ್ ಫೈಲ್ ನುಡಿಸಿ. ಅದೂ ಇಲ್ಲವಾದರೆ ಮೊಬೈಲ್‌ಗೆ ಹೆಡ್‌ಫೋನ್ ಜ್ಯಾಕ್‌ನ ಚಿಕ್ಕ ಅಡಾಪ್ಟರ್ ಸಿಕ್ಕಿಸಿ, 3.5 ಮಿಲಿಮೀಟರ್‌ನಿಂದ ಆರ್‌ಸಿಎಗೆ ಹೋಗುವ ಕೇಬಲ್ ಮೂಲಕ ಆಂಪ್ಲಿಫೈಯರ್‌ಗೆ ಕೊಡಿ. ಆಗ ಬ್ಲೂಟೂತ್ ದಾರಿಯಿಂದ ಹೊರಗಾಗುತ್ತದೆ.

ಹೀಗೆ ಬದಲಿಸಿದ ಮೇಲೂ ದೋಷ ಹಾಗೆಯೇ ಉಳಿದರೆ, ಅದು ಆಂಪ್ಲಿಫೈಯರ್, ಸ್ಪೀಕರ್, ವೈರಿಂಗ್ ಅಥವಾ ಕೋಣೆಗೆ ಸೇರಿದ್ದು. ಯಾವ ಬೆಲೆಯ ಸ್ಟ್ರೀಮರ್ ತಂದರೂ ಅದು ಹೋಗುವುದಿಲ್ಲ (ಕೋಣೆಯ ತಗ್ಗು ಸ್ವರಗಳ ವಿಷಯದಲ್ಲಿರುವ ಒಂದು ಅಪವಾದ ಮುಂದೆ ಬರುತ್ತದೆ). ದೋಷ ಮಾಯವಾದರೆ ಮಾತ್ರ ಮೂಲದ ಕಡೆ ಹುಡುಕಬೇಕು. ಇದಕ್ಕೆ ಹಿಡಿಯುವುದು ಅರ್ಧ ಗಂಟೆ. ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಲ್ಲುವುದರಿಂದ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಗುಂಯ್‌ಗುಡುವ ಸದ್ದು ಮತ್ತು ಕರಕರ

ಸ್ಟ್ರೀಮರ್ ತಂದ ಮೇಲೆ ಧ್ವನಿ ಸ್ವಚ್ಛವಾಯಿತು ಎಂದು ಹೇಳುವವರ ಅನುಭವಕ್ಕೆ ಅನೇಕ ವೇಳೆ ಇಲ್ಲಿ ಹೇಳುವ ಕಾರಣವೇ ಇರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು.

ಹಾಡು ನಿಲ್ಲಿಸಿ, ವಾಲ್ಯೂಮನ್ನು ನೀವು ಸಾಮಾನ್ಯವಾಗಿ ಕೇಳುವ ಮಟ್ಟದಲ್ಲಿಟ್ಟು, ಸ್ಪೀಕರ್ ಹತ್ತಿರ ಕಿವಿ ಇಡಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್ ಆದ್ದರಿಂದ ಅರ್ಥಿಂಗ್‌ನ ತೊಂದರೆ 50 ಅಥವಾ 100 ಹರ್ಟ್ಸ್‌ನ ತಗ್ಗಿದ, ಏರಿಳಿತವಿಲ್ಲದ ಗುಂಯ್ ಸದ್ದಾಗಿ ಕೇಳುತ್ತದೆ. ಕಂಪ್ಯೂಟರಿನಿಂದ ಬರುವ ಗದ್ದಲದ ಲಕ್ಷಣ ಬೇರೆ: ಅದು ಏರುದನಿಯ ಕಿರಿಕಿರಿಯಾಗಿದ್ದು, ಮೌಸ್ ಸರಿಸಿದಾಗ, ಪುಟ ಸ್ಕ್ರೋಲ್ ಮಾಡಿದಾಗ, ದೊಡ್ಡ ಫೈಲ್ ತೆರೆದಾಗ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇನ್ನು ಸದ್ದು ಸ್ಪೀಕರ್‌ನಿಂದ ಬಾರದೆ ಆಂಪ್ಲಿಫೈಯರ್‌ನ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನ ಕಂಪನ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವ ಆಂಪ್ಲಿಫೈಯರ್‌ಗಳಲ್ಲಿ ಇದು ಎದ್ದು ಕೇಳುತ್ತದೆ. ಅದಕ್ಕೆ ಪರಿಹಾರ ಸೈನ್ ವೇವ್ ಇನ್ವರ್ಟರ್, ಸ್ಟ್ರೀಮರ್‌ಗೂ ಅದಕ್ಕೂ ಸಂಬಂಧವಿಲ್ಲ.

ಸ್ಪೀಕರ್‌ನಿಂದಲೇ ಸದ್ದು ಬರುತ್ತಿದ್ದರೆ ಆಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂದಿನ ಎಲ್ಲ ಇನ್‌ಪುಟ್ ಕೇಬಲ್‌ಗಳನ್ನೂ ತೆಗೆದು, ಮತ್ತೆ ಆನ್ ಮಾಡಿ. ಆಗಲೂ ಗುಂಯ್ ಎನ್ನುತ್ತಿದ್ದರೆ ಆಂಪ್ಲಿಫೈಯರನ್ನು ರಿಪೇರಿಗೆ ಕೊಡಬೇಕು. ನಿಶ್ಶಬ್ದವಾಗಿದ್ದರೆ ಒಂದೊಂದೇ ಕೇಬಲನ್ನು ಹಿಂದಕ್ಕೆ ಜೋಡಿಸುತ್ತ ಹೋಗಿ, ಪ್ರತಿ ಸಲವೂ ಜೋಡಿಸುವ ಮುನ್ನ ಆಂಪ್ಲಿಫೈಯರ್ ಆಫ್ ಮಾಡಿ. ಟಿವಿ ಅಥವಾ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಜೋಡಿಸಿದೊಡನೆ ಸದ್ದು ಬಂದರೆ, ಗೋಡೆಯಿಂದ ಬರುವ ಕೇಬಲ್ ಟಿವಿ ಅಥವಾ ಡಿಟಿಎಚ್ ತಂತಿಯನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಳಚಿ ನೋಡಿ. ಸದ್ದು ನಿಂತರೆ ಆ ತಂತಿಯ ಅರ್ಥಿಂಗಿಗೂ ನಿಮ್ಮ ಪ್ಲಗ್‌ನ ಅರ್ಥಿಂಗಿಗೂ ನಡುವೆ ವಿದ್ಯುತ್ ಸುತ್ತು ಏರ್ಪಟ್ಟಿದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು.

ಲ್ಯಾಪ್‌ಟಾಪ್ ಜೋಡಿಸಿದಾಗ ಸದ್ದು ಬಂದರೆ ಅದರ ಚಾರ್ಜರ್ ಕಳಚಿ ಬ್ಯಾಟರಿಯ ಮೇಲೆ ಓಡಿಸಿ. ಸದ್ದು ತಟ್ಟನೆ ನಿಂತರೆ ಮೂರು ಪಿನ್ನಿನ ಚಾರ್ಜರ್ ಮತ್ತು ಆಂಪ್ಲಿಫೈಯರ್ ಎರಡೂ ಅರ್ಥ್ ಆಗಿ, ನಡುವಿನ ಯುಎಸ್‌ಬಿ ಅಥವಾ ಆರ್‌ಸಿಎ ಕೇಬಲ್‌ನ ಹೊರಕವಚದಲ್ಲಿ ಬೇಡದ ವಿದ್ಯುತ್ ಹರಿಯುತ್ತಿದೆ ಎಂದು ತಿಳಿಯಬೇಕು. ಇಲ್ಲಿ ಸ್ಟ್ರೀಮರ್ ನಿಜಕ್ಕೂ ಪರಿಹಾರವಾಗಬಲ್ಲದು, ಏಕೆಂದರೆ ಬಹಳಷ್ಟು ಸ್ಟ್ರೀಮರ್‌ಗಳು ಎರಡು ಪಿನ್ನಿನ ಚಿಕ್ಕ ಅಡಾಪ್ಟರ್‌ನಿಂದ ಓಡುತ್ತವೆ, ವೈಫೈ ಮೂಲಕ ದತ್ತಾಂಶ ಪಡೆಯುತ್ತವೆ, ಹಾಗಾಗಿ ಸುತ್ತು ಏರ್ಪಡಲು ದಾರಿಯೇ ಇರುವುದಿಲ್ಲ. ಲ್ಯಾನ್ ಕೇಬಲ್ ಹಾಕಿದರೂ ಹೆದರಬೇಕಿಲ್ಲ. ಈಥರ್‌ನೆಟ್ ಪೋರ್ಟ್‌ನೊಳಗೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಇದ್ದು ಅದು ವಿದ್ಯುತ್ ಸಂಪರ್ಕವನ್ನು ಕಡಿಯುತ್ತದೆ, ಲೋಹದ ಕವಚವಿಲ್ಲದ ಸಾಧಾರಣ ಕೇಬಲ್ ಬಳಸಿದರೆ ಸಾಕು. ಆದರೆ ಇದೇ ಫಲ ಇನ್ನೂ ಅಗ್ಗವಾಗಿ ಸಿಗುವುದುಂಟು. ಲ್ಯಾಪ್‌ಟಾಪ್ ಅಥವಾ ಟಿವಿಯಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದು, ಆಂಪ್ಲಿಫೈಯರ್ ಅಥವಾ ಡ್ಯಾಕ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಇದ್ದರೆ ಆ ಕೇಬಲ್ ಹಾಕಿ: ಅದರಲ್ಲಿ ಹೋಗುವುದು ಬೆಳಕು ಮಾತ್ರ, ವಿದ್ಯುತ್ತು ದಾಟುವುದಿಲ್ಲ. ಅನಲಾಗ್ ಕೇಬಲ್ಲೇ ಬೇಕಾದಲ್ಲಿ ನಡುವೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಗುಂಯ್ ಸದ್ದು ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿಯುವುದು, ಅದರ ತಂತಿ ಕಳಚುವುದು ರೂಢಿಯಲ್ಲಿದೆ. ಸದ್ದು ನಿಲ್ಲುತ್ತದೆ ನಿಜ. ಆದರೆ ಮುಂದೊಂದು ದಿನ ಉಪಕರಣದೊಳಗೆ ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಾಗಿದರೆ ಮುಟ್ಟಿದವರ ಜೀವಕ್ಕೇ ಅಪಾಯ. ಅದರ ಬದಲು ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಅದು ಕೆಲವೇ ವೋಲ್ಟ್‌ಗಳ ಒಳಗಿರಬೇಕು. ಹಳೆಯ ಮನೆಗಳಲ್ಲಿ ಸಾಕೆಟ್‌ನ ಮೂರನೆಯ ತೂತಿಗೆ ತಂತಿಯನ್ನೇ ಎಳೆದಿರದ ಸಂದರ್ಭಗಳಿರುತ್ತವೆ.

ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ದೀಪದ ಡಿಮ್ಮರ್ ಕೂಡ ಕರಕರ ಎಬ್ಬಿಸಬಲ್ಲವು. ಅವನ್ನು ಒಂದೊಂದಾಗಿ ಆಫ್ ಮಾಡಿ ಕೇಳಿದರೆ ಗೊತ್ತಾಗುತ್ತದೆ.

ನಡುನಡುವೆ ನಿಲ್ಲುವ ಸಂಗೀತ

ಧ್ವನಿ ಕ್ಷಣಕಾಲ ಕಡಿದು ಮತ್ತೆ ಬರುವುದಕ್ಕೆ ಬ್ಲೂಟೂತ್‌ನಲ್ಲಿ ದೂರ, ಗೋಡೆ, ಜೊತೆಗೆ 2.4 ಗಿಗಾಹರ್ಟ್ಸ್ ಪಟ್ಟಿಯ ದಟ್ಟಣೆ ಕಾರಣ. ಬ್ಲೂಟೂತ್, ಹಳೆಯ ವೈಫೈ, ಮೈಕ್ರೋವೇವ್ ಓವನ್ ಎಲ್ಲವೂ ಅದೇ ಪಟ್ಟಿಯಲ್ಲಿವೆ. ಇದನ್ನು ಪತ್ತೆಹಚ್ಚಲು ಜನಪ್ರಿಯ ಗೀತೆಗಳಿಗಿಂತ ತಂಬೂರಿಯ ಧ್ವನಿಮುದ್ರಿಕೆ ಉತ್ತಮ, ಏಕೆಂದರೆ ನಿರಂತರವಾಗಿ ಹರಿಯುವ ಶ್ರುತಿಯಲ್ಲಿ ಅತಿ ಚಿಕ್ಕ ಕಡಿತವೂ ಕಿವಿಗೆ ಚುಚ್ಚುತ್ತದೆ.

ವೈಫೈ ಮೂಲಕ ಬರುವ ಸಂಗೀತದ ಕುರಿತು ಒಂದು ವಿಷಯ ಸ್ಪಷ್ಟವಿರಲಿ. ನೆಟ್‌ವರ್ಕ್‌ನಲ್ಲಿ ಕಳೆದುಹೋದ ದತ್ತಾಂಶವನ್ನು ಸರ್ವರ್ ಮತ್ತೆ ಕಳುಹಿಸುತ್ತದೆ, ಉಪಕರಣ ಅದನ್ನು ಬಫರ್‌ನಲ್ಲಿ ಕೂಡಿಟ್ಟುಕೊಂಡು ನುಡಿಸುತ್ತದೆ. ಆದ್ದರಿಂದ ಸಿಗ್ನಲ್ ದುರ್ಬಲವಾದಾಗ ಧ್ವನಿ ಮಸುಕಾಗುವುದಿಲ್ಲ: ಒಂದೋ ಪೂರ್ತಿ ಸರಿಯಾಗಿ ಬರುತ್ತದೆ, ಇಲ್ಲವೇ ನಿಂತುಹೋಗುತ್ತದೆ. ಇದಕ್ಕೆ ಅಪವಾದವೆಂದರೆ ಆ್ಯಪ್‌ನಲ್ಲಿ ಗುಣಮಟ್ಟವನ್ನು ‘ಆಟೋ’ ಎಂದಿಟ್ಟಿರುವುದು. ಆಗ ನೆಟ್ ನಿಧಾನವಾದಂತೆ ಸೇವೆಯೇ ಕಡಿಮೆ ಗುಣಮಟ್ಟದ ಫೈಲ್ ಕಳುಹಿಸುತ್ತದೆ. ಸಂಜೆ ಎಲ್ಲರೂ ನೆಟ್ ಬಳಸುವ ಹೊತ್ತಿಗೆ ಹಾಡು ಮಂಕಾಗುತ್ತದೆ ಎಂಬ ದೂರು ಇದ್ದರೆ ಮೊದಲು ನೋಡಬೇಕಾದ ಜಾಗ ಇದು.

ಸಿಡಿ ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಸಾಕು, ಫ್ಲ್ಯಾಕ್ ಆಗಿ ಕುಗ್ಗಿಸಿದರೆ ಇನ್ನೂ ಕಡಿಮೆ. ಇಂದಿನ ಫೈಬರ್ ಸಂಪರ್ಕಕ್ಕೆ ಇದು ಹೊರೆಯೇ ಅಲ್ಲ. ಹಾಗಿದ್ದೂ ನಿಲ್ಲುತ್ತಿದ್ದರೆ ತೊಂದರೆ ರೂಟರ್ ಮತ್ತು ಉಪಕರಣದ ನಡುವಿನ ಕೆಲವು ಅಡಿಗಳಲ್ಲಿದೆ. ಅಪಾರ್ಟ್‌ಮೆಂಟ್‌ಗಳಲ್ಲಿ 2.4 ಗಿಗಾಹರ್ಟ್ಸ್‌ನ 1, 6, 11ನೆಯ ಚಾನೆಲ್‌ಗಳು ಅಕ್ಕಪಕ್ಕದವರ ರೂಟರ್‌ಗಳಿಂದ ತುಂಬಿಹೋಗಿರುತ್ತವೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಬಹುದು, ಆದರೆ ಅದು ಕಾಂಕ್ರೀಟ್ ಗೋಡೆ ದಾಟುವುದರಲ್ಲಿ ಹಿಂದೆ ಬೀಳುತ್ತದೆ. ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಿದ್ದರೆ ಅದಕ್ಕಿಂತ ನಂಬಿಕಸ್ಥ ಪರಿಹಾರ ಇನ್ನೊಂದಿಲ್ಲ. ಇಲ್ಲಿ ಲಕ್ಷ್ಯವಿಡಬೇಕಾದ್ದು: ಬ್ಲೂಟೂತ್ ಕಡಿತಕ್ಕೆ ಸ್ಟ್ರೀಮರ್ ಒಳ್ಳೆಯ ಮದ್ದು, ವೈಫೈ ಕಡಿತಕ್ಕೆ ಮದ್ದಲ್ಲ.

ಮಂಕು, ಒರಟು, ಉಸಿರಿಲ್ಲದ ಧ್ವನಿ

ಗುಂಯ್ ಸದ್ದಿನಂತೆ ಇದನ್ನು ಬೊಟ್ಟುಮಾಡಿ ತೋರಿಸುವುದು ಸುಲಭವಲ್ಲ. ಆದ್ದರಿಂದ ಪರೀಕ್ಷೆಗೆ ಸರಿಯಾದ ಧ್ವನಿ ಆರಿಸಿಕೊಳ್ಳಬೇಕು. ದತ್ತಾಂಶ ಕಡಿಮೆ ಮಾಡಲೆಂದು ಧ್ವನಿಯ ಕೆಲವು ಅಂಶಗಳನ್ನು ಬಿಟ್ಟುಬಿಡುವ ಕುಗ್ಗಿಸುವಿಕೆಗೆ ಅತ್ಯಂತ ಕಷ್ಟವಾಗುವುದು ಚಪ್ಪಾಳೆ. ಕಛೇರಿಯ ಧ್ವನಿಮುದ್ರಣದಲ್ಲಿ ತನಿ ಆವರ್ತನ ಮುಗಿದಾಗ ಬರುವ ಚಪ್ಪಾಳೆ ಒಂದೊಂದು ಕೈಯ ಹೊಡೆತವಾಗಿ ಕೇಳದೆ ಕಲಸಿಹೋದ ಸುಸ್ಸೆಂಬ ಸದ್ದಾಗಿ ಕೇಳಿದರೆ, ಖಂಜಿರದ ಬಿಲ್ಲೆಗಳ ಕಿಣಿಕಿಣಿ ನೀರಿನ ಗುಳುಗುಳುವಿನಂತಾದರೆ, ಮೃದಂಗದ ಚಾಪಿನ ಮೊನೆ ಮೊಂಡಾದರೆ ಕುಗ್ಗಿಸುವಿಕೆಯನ್ನು ಸಂಶಯಿಸಬಹುದು.

ಆಮೇಲೆ ಕುಗ್ಗಿದ್ದು ಎಲ್ಲಿ ಎಂದು ಹುಡುಕಬೇಕು. ಯೂಟ್ಯೂಬ್‌ನಲ್ಲಿ ಧ್ವನಿ ಬರುವುದು ಸುಮಾರು 128ರಿಂದ 160 ಕಿಲೋಬಿಟ್‌ನಲ್ಲಿ. ಅದರ ಜೊತೆಗೆ, ಹಳೆಯ ಕಛೇರಿಗಳನ್ನು ಏರಿಸಿದವರು ಕ್ಯಾಸೆಟ್‌ನಿಂದ ಎಂಪಿ3 ಮಾಡಿ, ಅದನ್ನು ವಿಡಿಯೋ ಮಾಡಿ ಹಾಕಿರುವುದೇ ಹೆಚ್ಚು. ಕನ್ನಡದ ಕೇಳುಗರು ಬಹಳಷ್ಟು ಸಂಗೀತವನ್ನು ಅಲ್ಲಿಯೇ ಕೇಳುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಕಳೆದುಹೋದ ಅಂಶವನ್ನು ಯಾವ ಸ್ಟ್ರೀಮರ್ ಕೂಡ ಮರಳಿ ತರಲಾರದು. ನೀವು ಕೇಳುವುದರ ಬಹುಪಾಲು ಅಲ್ಲಿಂದಲೇ ಬರುತ್ತಿದ್ದರೆ ಸ್ಟ್ರೀಮರ್‌ಗೆ ಹಾಕುವ ಹಣವನ್ನು ಸಿಡಿಗಳಿಗೋ ಒಳ್ಳೆಯ ಸೇವೆಯ ಚಂದಾಕ್ಕೋ ಹಾಕುವುದು ಲೇಸು. ಆ್ಯಪಲ್ ಮ್ಯೂಸಿಕ್ 2021ರಲ್ಲಿ ನಷ್ಟರಹಿತ (ಲಾಸ್‌ಲೆಸ್, ಯಾವ ಅಂಶವನ್ನೂ ಬಿಡದ) ಫೈಲ್‌ಗಳನ್ನು ಕೊಡಲಾರಂಭಿಸಿತು. ಬಹುಕಾಲ 320 ಕಿಲೋಬಿಟ್‌ನಲ್ಲೇ ಇದ್ದ ಸ್ಪಾಟಿಫೈ 2025ರ ಸೆಪ್ಟೆಂಬರ್‌ನಲ್ಲಿ ಆ ದಾರಿ ಹಿಡಿಯಿತು. ಆದರೆ ನಷ್ಟರಹಿತ ಆಯ್ಕೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಾವಾಗಿ ಆನ್ ಮಾಡುವ ತನಕ ಜಾರಿಗೆ ಬಂದಿರದಿರಬಹುದು, ಅದನ್ನು ನೋಡಿಕೊಳ್ಳಿ.

ಮೂಲ ಫೈಲ್ ಚೆನ್ನಾಗಿದ್ದೂ ಬ್ಲೂಟೂತ್‌ನಲ್ಲಿ ಅದು ಇನ್ನೊಮ್ಮೆ ಕುಗ್ಗುತ್ತದೆ. ಎಲ್ಲ ಉಪಕರಣಗಳಿಗೂ ಸಾಮಾನ್ಯವಾದ ಎಸ್‌ಬಿಸಿ ಎಂಬ ಕುಗ್ಗಿಸುವ ಕ್ರಮದಲ್ಲಿ ಉತ್ತಮ ಮಟ್ಟವೆಂದರೆ 328 ಕಿಲೋಬಿಟ್. ಎಲ್‌ಡ್ಯಾಕ್ ಎಂಬ ಇನ್ನೊಂದು ಬ್ಲೂಟೂತ್ ಕ್ರಮ 990ರವರೆಗೆ ಹೋಗಬಲ್ಲದಾದರೂ ಸಿಗ್ನಲ್ ಕುಂದಿದಾಗ 330ಕ್ಕೆ ಇಳಿಯುತ್ತದೆ, ಅಲ್ಲದೆ ಐಫೋನ್‌ನಲ್ಲಿ ಅದು ಇಲ್ಲವೇ ಇಲ್ಲ. ಹೀಗೆ ಎರಡು ಸಲ ಕುಗ್ಗಿದ ಧ್ವನಿಯನ್ನು ಒಳ್ಳೆಯ ಸ್ಪೀಕರ್‌ಗಳಲ್ಲಿ ಗಮನವಿಟ್ಟು ಕೇಳುವವರು ಗುರುತಿಸುವುದು ಸಾಧ್ಯ. ನಿಮ್ಮ ಮೊದಲ ಪರೀಕ್ಷೆಯಲ್ಲಿ ಬ್ಲೂಟೂತ್ ಬದಲು ತಂತಿ ಹಾಕಿದಾಗ ಚಪ್ಪಾಳೆ ಬಿಡಿಬಿಡಿಯಾಗಿ ಕೇಳಿದ್ದರೆ, ಸ್ಟ್ರೀಮರ್ ಕೊಳ್ಳಲು ನಿಮಗೆ ಗಟ್ಟಿ ಕಾರಣ ಸಿಕ್ಕಂತೆ. ತಂತಿಯಿಂದಲೇ ತೃಪ್ತಿಯಾದರೆ ಅದೂ ಸರಿಯೇ.

ಸಿಡಿಗಿಂತ ಹೆಚ್ಚು ರೆಸಲ್ಯೂಷನ್‌ನ ಫೈಲ್‌ಗಳ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಸಿಡಿಯ 44.1 ಕಿಲೋಹರ್ಟ್ಸ್ ಮಾದರಿ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಲಾಗಿದೆ ಎಂಬ ಲೆಕ್ಕ) ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಹಿಡಿದಿಡುತ್ತದೆ. ಮನುಷ್ಯನ ಕಿವಿಯ ಮೇಲ್ಮಿತಿ 20ರ ಆಸುಪಾಸು. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬುವರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ರೆಸಲ್ಯೂಷನ್‌ನ ಧ್ವನಿಯನ್ನು ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದಾಗ 554 ಪ್ರಯತ್ನಗಳಲ್ಲಿ ಸರಿಯಾಗಿ ಗುರುತಿಸಿದ್ದು 276, ಅಂದರೆ ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಜೋಶುವಾ ರೈಸ್ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಚಿಕ್ಕ, ಆದರೆ ಅಂಕಿಅಂಶದ ದೃಷ್ಟಿಯಿಂದ ಅಲ್ಲಗಳೆಯಲಾಗದ ವ್ಯತ್ಯಾಸ ಕಂಡಿತು. ತರಬೇತಿ ಪಡೆದ ಕೇಳುಗರಲ್ಲಿ ಅದು ಹೆಚ್ಚಿತ್ತು. 192 ಕಿಲೋಹರ್ಟ್ಸ್ ಎಂಬ ಬರಹಕ್ಕಾಗಿ ಹೆಚ್ಚು ಹಣ ಕೊಡಲು ಇದಿಷ್ಟು ಸಾಕಾಗದು ಎಂದೇ ನಾನು ತಿಳಿಯುತ್ತೇನೆ.

ದಾರಿಯಲ್ಲಿ ಬದಲಾಗುವ ಬಿಟ್‌ಗಳು

ಮೊಬೈಲ್ ಮತ್ತು ಕಂಪ್ಯೂಟರುಗಳು ಸಂಗೀತವನ್ನು ನೋಟಿಫಿಕೇಷನ್ ಸದ್ದಿನೊಂದಿಗೆ ಬೆರೆಸಿ ಕಳುಹಿಸುವಂತೆ ರಚಿತವಾಗಿವೆ. ಅದಕ್ಕಾಗಿ ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ಪರಿವರ್ತಿಸುತ್ತದೆ, ವಿಂಡೋಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನಿಗದಿಯಾದ ದರಕ್ಕೆ ಪರಿವರ್ತಿಸುತ್ತದೆ. ಡ್ಯಾಕ್ ಮೇಲೆ ದರ ತೋರಿಸುವ ಡಿಸ್‌ಪ್ಲೇ ಇದ್ದರೆ, 44.1ರ ಫೈಲ್ ನುಡಿಸಿದಾಗ ಅದು 48 ಎಂದು ತೋರಿಸುತ್ತಿದೆಯೇ ನೋಡಿ. ಈ ಪರಿವರ್ತನೆ ಚೆನ್ನಾಗಿ ನಡೆದಾಗ ಕಿವಿಗೆ ತಿಳಿಯುವುದು ಕಷ್ಟ. ಹೆಚ್ಚು ಕೇಡು ಮಾಡುವುದು ಫೋನಿನಲ್ಲಿ ಮೊದಲೇ ಆನ್ ಆಗಿರುವ ಡಾಲ್ಬಿ, ‘ಸರೌಂಡ್’, ‘ಬಾಸ್ ಬೂಸ್ಟ್’ ಮುಂತಾದ ಸಂಸ್ಕರಣೆ. ಗಾಯಕರ ದನಿ ದೂರ ಹೋದಂತೆ, ಬಾಯಿಗೆ ಕೈ ಅಡ್ಡ ಇಟ್ಟಂತೆ ಕೇಳಿದರೆ ಅವನ್ನೆಲ್ಲ ಆಫ್ ಮಾಡಿ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ.

ಬಿಟ್‌ಗಳು ಹಾಗೆಯೇ ತಲುಪುತ್ತಿವೆಯೇ ಎಂದು ಖಚಿತವಾಗಿ ತಿಳಿಯಲು, ಡಿಟಿಎಸ್ (ಸಿನಿಮಾದ ಸರೌಂಡ್ ಧ್ವನಿಯ ಡಿಜಿಟಲ್ ಸಂಕೇತ) ಬಿಚ್ಚಬಲ್ಲ ಎವಿ ರಿಸೀವರ್ ಇರುವವರು ಡಿಟಿಎಸ್ ಸಂಕೇತವಿರುವ ವೇವ್ ಫೈಲೊಂದನ್ನು ಆಪ್ಟಿಕಲ್ ಮೂಲಕ ನುಡಿಸಬಹುದು. ಒಂದು ಬಿಟ್ ಬದಲಾಗದೆ ಬಂದರೆ ಮಾತ್ರ ರಿಸೀವರ್ ಡಿಟಿಎಸ್ ಎಂದು ತೋರಿಸಿ ಸಂಗೀತ ನುಡಿಸುತ್ತದೆ. ಬದಲಾಗಿದ್ದರೆ ಬರಿಯ ಭೋರ್ಗರೆತ ಬರುತ್ತದೆ. ಹಾಗಾಗಿ ಕಳುಹಿಸುವ ಕಡೆ ವಾಲ್ಯೂಮ್ ನೂರಕ್ಕೆ ನೂರು ಇಟ್ಟು, ರಿಸೀವರ್ ಕಡೆ ಪೂರ್ತಿ ತಗ್ಗಿಸಿ ಪ್ರಾರಂಭಿಸಬೇಕು.

ಸ್ಪೀಕರ್ ಮತ್ತು ಕೋಣೆ

ಮೂಲ ಬದಲಿಸಿದರೂ ದೋಷ ಹೋಗಲಿಲ್ಲವೆಂದರೆ ಬರುವುದು ಇಲ್ಲಿಗೆ. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ ಮುದ್ರಣದಂಥ ಹಳೆಯ ಮೊನೊ ಧ್ವನಿಯೊಂದನ್ನು ನುಡಿಸಿ. ಎರಡೂ ಸ್ಪೀಕರ್‌ಗಳಿಗೆ ಸಮದೂರದಲ್ಲಿ ಕೂತರೆ ದನಿ ನಟ್ಟನಡುವೆ ನಿಲ್ಲಬೇಕು. ಒಂದು ಬದಿಗೆ ವಾಲಿದರೆ ಬ್ಯಾಲೆನ್ಸ್ ಅಥವಾ ಕೇಬಲ್ ನೋಡಿ. ನಡುವೆ ನಿಲ್ಲದೆ ಎಲ್ಲಿಂದಲೋ ಚದುರಿದಂತೆ ಬಂದು, ತಬಲಾದ ಡಗ್ಗದ ಗುಂಕಾರ ಬಡವಾಗಿದ್ದರೆ ಒಂದು ಸ್ಪೀಕರ್‌ನ ಕೆಂಪು–ಕಪ್ಪು ತಂತಿ ಅದಲುಬದಲಾಗಿದೆ. ದೊಡ್ಡ ಹಣ ಸುರಿದ ವ್ಯವಸ್ಥೆಗಳಲ್ಲೂ ಈ ತಪ್ಪು ಇರುತ್ತದೆ, ಅದನ್ನು ಸರಿಪಡಿಸಿದಾಗ ಸಿಗುವ ಸುಧಾರಣೆ ಬೇರಾವ ಉಪಕರಣದಿಂದಲೂ ಸಿಗದು.

ಕೋಣೆಯ ಪಾತ್ರ ಇನ್ನೂ ದೊಡ್ಡದು. ವಿಟ್ರಿಫೈಡ್ ಟೈಲ್ಸ್ ನೆಲ, ಬರಿಗೋಡೆ, ಗಾಜಿನ ಕಿಟಕಿ ಇರುವ ಹಾಲ್‌ನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಹಿಂದೆಯೇ ಟರ್ರೆಂದು ಪ್ರತಿಧ್ವನಿ ಬಂದರೆ ಸಾಹಿತ್ಯದ ಅಕ್ಷರಗಳು ಸ್ಪಷ್ಟವಾಗದಿರುವುದಕ್ಕೆ ಕಾರಣ ಸಿಕ್ಕಿತು. ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಸಹಾಯ ಮಾಡುತ್ತವೆ. ತಗ್ಗು ಸ್ವರಗಳಲ್ಲಿ ತೊಂದರೆ ಬೇರೆ ಬಗೆಯದು: 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್, 12 ಅಡಿಯಾದರೆ ಸುಮಾರು 47 ಹರ್ಟ್ಸ್ ಧ್ವನಿ ಅನುರಣಿಸಿ ಊದಿಕೊಳ್ಳುತ್ತದೆ. ಸ್ಪೀಕರ್‌ಗಳನ್ನು ಮೂಲೆಯಿಂದ ಹೊರಗೆಳೆದು, ಕೂರುವ ಜಾಗವನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ತಂದು ನೋಡಬೇಕು.

ವಿಶೇಷವೆಂದರೆ ಕೆಲವು ಸ್ಟ್ರೀಮರ್‌ಗಳು ಧ್ವನಿಯನ್ನು ಗಣನೀಯವಾಗಿ ಬದಲಿಸಬಲ್ಲ ಜಾಗವೂ ಇದೇ. ವೀಮ್‌ನಂಥ ಕಡಿಮೆ ಬೆಲೆಯ ಕಂಪನಿಗಳ ಉಪಕರಣಗಳಲ್ಲೂ ಈಗ ಬೇಕಾದ ಆವರ್ತನವನ್ನು ಮಾತ್ರ ಏರಿಸಿ ಇಳಿಸಬಲ್ಲ ಪ್ಯಾರಾಮೆಟ್ರಿಕ್ ಈಕ್ವಲೈಜರ್ ಮತ್ತು ಮೈಕ್‌ನಿಂದ ಕೋಣೆ ಅಳೆದು ಸರಿಪಡಿಸುವ ಸೌಲಭ್ಯ ಬರುತ್ತಿವೆ. ಆರ್‌ಇಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕೋಣೆಯನ್ನು ಅಳೆದು, ಊದಿಕೊಂಡ ಆ 56 ಹರ್ಟ್ಸನ್ನು ಕೆಲವು ಡೆಸಿಬೆಲ್ ತಗ್ಗಿಸಿದರೆ ಆಗುವ ವ್ಯತ್ಯಾಸವನ್ನು ಮನೆಮಂದಿಯೆಲ್ಲ ಗುರುತಿಸುತ್ತಾರೆ. ಬಿಟ್‌ಗಳ ಶುದ್ಧಿಗಾಗಿ ಸ್ಟ್ರೀಮರ್ ಹುಡುಕುವವರು ಅದರ ಬದಲು ಈ ಸೌಲಭ್ಯವಿದೆಯೇ ಎಂದು ನೋಡಿ ಆರಿಸಿದರೆ ಹಣ ಸಾರ್ಥಕವಾಗುತ್ತದೆ.

ಎರಡನ್ನು ಹೋಲಿಸಿ ಕೇಳುವ ರೀತಿ

ಪರಿಚಿತರಿಂದ ಸ್ಟ್ರೀಮರ್ ಎರವಲು ತಂದು ಹೋಲಿಸುವಾಗ ಮೊದಲು ಎರಡರ ಸದ್ದಿನ ಮಟ್ಟ ಸಮ ಮಾಡಬೇಕು. ಸಾಮಾನ್ಯ ಲೈನ್ ಔಟ್‌ಪುಟ್ 2 ವೋಲ್ಟ್ ಕೊಡುತ್ತದೆ, ಮೊಬೈಲ್ ಅಡಾಪ್ಟರ್ ಅದರ ಅರ್ಧ ಅಥವಾ ಇನ್ನೂ ಕಡಿಮೆ. ತುಸು ಜೋರಾಗಿ ಕೇಳಿದ್ದನ್ನು ಕಿವಿ ಜೋರು ಎಂದು ಗುರುತಿಸದೆ ಹೆಚ್ಚು ಸ್ಪಷ್ಟ, ಹೆಚ್ಚು ಜೀವಂತ ಎಂದು ಗ್ರಹಿಸುತ್ತದೆ. ಮೊದಲ ದಿನದ ಮೆಚ್ಚುಗೆಯ ಬಹುಭಾಗ ಇದರಿಂದಲೇ ಹುಟ್ಟುವಂಥದ್ದು. 100 ಹರ್ಟ್ಸ್ ಆಸುಪಾಸಿನ ಪರೀಕ್ಷಾ ಸ್ವರ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ಅಳೆಯಿರಿ. ಸಾಧಾರಣ ಮೀಟರುಗಳು ಈ ತಗ್ಗು ಆವರ್ತನದಲ್ಲಿ ನಂಬಿಕೆಗೆ ಅರ್ಹ. ಮೊನೆಗಳು ಒಂದಕ್ಕೊಂದು ತಾಗಿ ಆಂಪ್ಲಿಫೈಯರ್ ಸುಡದಂತೆ ಜಾಗ್ರತೆ ಇರಲಿ. ಒಂದು 2.00 ವೋಲ್ಟ್ ತೋರಿಸಿದರೆ ಇನ್ನೊಂದು 2.02ರ ಒಳಗಿರಬೇಕು, ಅದು 0.1 ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸ. ಸೇವೆಯ ಆ್ಯಪ್‌ನಲ್ಲಿರುವ, ಹಾಡುಗಳ ವಾಲ್ಯೂಮ್ ಸಮಗೊಳಿಸುವ ಆಯ್ಕೆಯನ್ನು (ನಾರ್ಮಲೈಸೇಷನ್) ಎರಡೂ ಕಡೆ ಆಫ್ ಮಾಡಿ.

ಬಳಿಕ ಮನೆಯವರೊಬ್ಬರು ನಿಮಗೆ ಕಾಣದಂತೆ ಮೂಲ ಬದಲಿಸಲಿ, ಪ್ರತಿ ಸಲ ಯಾವುದೆಂದು ನಾಣ್ಯ ಚಿಮ್ಮಿ ಆರಿಸಿ ಬರೆದಿಟ್ಟುಕೊಳ್ಳಲಿ. 16 ಸಲದಲ್ಲಿ ಕನಿಷ್ಠ 12 ಸಲ ಸರಿಯಾಗಿ ಹೇಳಿದರೆ ವ್ಯತ್ಯಾಸ ನಿಜವೆಂದು ಒಪ್ಪಬಹುದು, ಬರಿಯ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ತಂದ ಮೇಲೆ ಎದುರಾಗುವ ತೊಂದರೆಗಳು

ಸದ್ದು ಬಡವಾಗಿದ್ದು ಹಿನ್ನೆಲೆಯಲ್ಲಿ ಸುಸ್ಸೆನ್ನುತ್ತಿದ್ದರೆ ಆ್ಯಪ್‌ನ ವಾಲ್ಯೂಮ್ ಕೆಳಗಿದ್ದು ಆಂಪ್ಲಿಫೈಯರ್‌ನದು ಮೇಲಿದೆ. ಸ್ಟ್ರೀಮರ್‌ನ ಔಟ್‌ಪುಟ್ಟನ್ನು ‘ಫಿಕ್ಸೆಡ್’ಗೆ ಇಟ್ಟು ಆಂಪ್ಲಿಫೈಯರ್‌ನಿಂದ ಮಾತ್ರ ನಿಯಂತ್ರಿಸಿ. ರಾಗ, ತಾನ, ಪಲ್ಲವಿ ಬೇರೆ ಬೇರೆ ಟ್ರ್ಯಾಕ್‌ಗಳಾಗಿರುವ ಕಛೇರಿಯಲ್ಲಿ ನಡುವೆ ತಂಬೂರಿ ಕಡಿದರೆ ಗ್ಯಾಪ್‌ಲೆಸ್ ಸೌಲಭ್ಯ ಆಫ್ ಆಗಿದೆ, ಇಲ್ಲವೇ ಆ ದಾರಿಯಲ್ಲಿ ಅದು ಇಲ್ಲ. ಮನೆಯ ನೆಟ್‌ವರ್ಕ್‌ನಲ್ಲಿರುವ ಫೈಲ್‌ಗಳನ್ನು ಡಿಎಲ್‌ಎನ್‌ಎ ಎಂಬ ಕ್ರಮದ ಮೂಲಕ ನುಡಿಸುವಾಗ ಇದು ಹೆಚ್ಚು. ನೀವು ಚಂದಾ ಕಟ್ಟಿದ ಸೇವೆ ಸ್ಟ್ರೀಮರ್‌ನ ಆ್ಯಪ್‌ನಲ್ಲೇ ಇದೆಯೇ ಅಥವಾ ಏರ್‌ಪ್ಲೇ, ಕ್ರೋಮ್‌ಕಾಸ್ಟ್‌ನ ಆಸರೆ ಬೇಕೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು.

ನಿನ್ನೆಯವರೆಗೆ ಸರಿಯಿದ್ದ ಉಪಕರಣ ಇಂದು ಏಕಾಏಕಿ ಸಂಪರ್ಕವನ್ನೇ ಒಪ್ಪದಿದ್ದರೆ ದೋಷ ಮನೆಯ ಹೊರಗೂ ಇರಬಹುದು. 2015ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಗೂಗಲ್‌ನ ಪುಟ್ಟ ಸ್ಟ್ರೀಮರ್ ಇಂದಿಗೂ ಹಲವರ ಬಳಿ ಇದೆ. 2025ರ ಮಾರ್ಚ್‌ನಲ್ಲಿ ಅದರ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು ಜಗತ್ತಿನಾದ್ಯಂತ ಒಮ್ಮೆಲೇ ಅದು ಸ್ತಬ್ಧವಾಯಿತು. ಕೆಲವೇ ದಿನಗಳಲ್ಲಿ ಗೂಗಲ್ ಅದನ್ನು ಸರಿಪಡಿಸಿತು, ಆದರೆ ಆ ನಡುವೆ ಫ್ಯಾಕ್ಟರಿ ರೀಸೆಟ್ ಮಾಡಿದವರಿಗೆ ಮತ್ತೆ ಜೋಡಿಸಿಕೊಳ್ಳುವುದು ಇನ್ನಷ್ಟು ತೊಡಕಾಯಿತು. ಇಂಥ ಸಂದರ್ಭದಲ್ಲಿ ಮೊದಲು ಪೆನ್‌ಡ್ರೈವ್‌ನಿಂದಲೋ ಮನೆಯ ಸರ್ವರ್‌ನಿಂದಲೋ ಒಂದು ಫೈಲ್ ನುಡಿಸಿ ನೋಡಿ. ಅದು ನುಡಿದರೆ ಉಪಕರಣ, ಕೇಬಲ್, ಆಂಪ್ಲಿಫೈಯರ್ ಎಲ್ಲವೂ ಸರಿಯಿವೆ. ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಬೇರೆ ಸಂಗೀತ ಸೇವೆಯೊಂದನ್ನು ಪ್ರಯತ್ನಿಸಿ, ಅದೂ ಆಗದಿದ್ದರೆ ರೀಸೆಟ್ ಗುಂಡಿಯನ್ನು ಮುಟ್ಟದೆ ಒಂದೆರಡು ದಿನ ಕಾಯಿರಿ.